ಪ್ರೋಗ್ರಾಮಿನ ವೇಗವನ್ನಳೆಯಲು ಯಾವ ಗಡಿಯಾರ?

ಅಳತೆಯ ಮಾತು ಬಂದಾಗ ನಮ್ಮ ಕಣ್ಣು ಅಳೆಯುವ ವಸ್ತುವಿನ ಮೇಲೆ ಹೋಗುತ್ತದೆಯೇ ಹೊರತು ಅಳೆಯುವ ಸಾಧನದ ಮೇಲೆ ಹೋಗುವುದು ಅಪರೂಪ. ಬಟ್ಟೆಯಂಗಡಿಯಲ್ಲಿ ಎಲ್ಲರೂ ಬಟ್ಟೆಯ ಬಣ್ಣವನ್ನು ನೋಡುತ್ತಾರೆ, ಗಜಕಡ್ಡಿಯನ್ನು ನೋಡುವವರು ಎಷ್ಟು ಮಂದಿ? ಆದರೆ ಸೌದೆ ಮಂಡಿಯ ತಕ್ಕಡಿಯಲ್ಲಿ ಚಿನ್ನ ತೂಗಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಅದು ಕಳ್ಳ ತಕ್ಕಡಿಯೆಂದಲ್ಲ. ಹತ್ತು ಮಣ ಸೌದೆಯನ್ನು ಅದು ನ್ಯಾಯವಾಗಿಯೇ ತೂಗುತ್ತದೆ. ಗುಲಗಂಜಿಯ ಭಾರಕ್ಕೆ ಅದರ ಮುಳ್ಳು ಅಲುಗುವುದಿಲ್ಲ, ಅಷ್ಟೆ. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಮು ಎಷ್ಟು ಬೇಗ ಕೆಲಸ ಮುಗಿಸುತ್ತದೆಂದು ಅಳೆಯ ಹೊರಟಾಗಲೂ ಪ್ರಶ್ನೆ ಇದೇ. ಕಂಪ್ಯೂಟರಿನೊಳಗೆ ಇರುವುದು ಒಂದು ಗಡಿಯಾರವಲ್ಲ, ಹಲವು. ಅವುಗಳಲ್ಲಿ ಕೆಲವು ಸೌದೆಯ ತಕ್ಕಡಿಗಳು, ಕೆಲವು ಅಕ್ಕಸಾಲಿಗನ ತಕ್ಕಡಿಗಳು. ಇನ್ನು ಕೆಲವಂತೂ ತೂಗುತ್ತಿರುವಾಗಲೇ ಬೇರೆಯವರು ಬಂದು ತೂಕದ ಬಟ್ಟು ಬದಲಿಸುವ ತಕ್ಕಡಿಗಳು!

ಕಲಾ ಕಾಲೇಜಿನ ಪತ್ರಿಕೆಯಲ್ಲಿ ಈ ವಿಚಾರವೇಕೆ ಎಂದು ಕೆಲವು ಗೆಳೆಯರು ಕೇಳಬಹುದು. ನಾನು ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರಗಳ ಜೊತೆಗೆ ಕಂಪ್ಯೂಟರ್ ವಿಷಯವನ್ನೂ ಆರಿಸಿಕೊಂಡಿರುವ ವಿದ್ಯಾರ್ಥಿ. ಇಂದು ಜನಗಣತಿಯ ಅಂಕಿಗಳನ್ನು ಕೂಡಿಸುವವರೂ, ಹಳಗನ್ನಡ ಪದಗಳ ಪಟ್ಟಿ ಮಾಡುವವರೂ, ಭೂಗೋಳದ ನಕ್ಷೆ ಬರೆಯುವವರೂ ನಾಲ್ಕಾರು ಸಾಲಿನ ಪ್ರೋಗ್ರಾಮನ್ನು ಬರೆಯದೆ ಇಲ್ಲ. ಬರೆದ ಮೇಲೆ, ಈ ವಿಧಾನ ಬೇಗವೋ ಆ ವಿಧಾನ ಬೇಗವೋ ಎಂಬ ಚರ್ಚೆ ಬಂದೇ ಬರುತ್ತದೆ. ಚರ್ಚೆಯನ್ನು ಮುಗಿಸಲು ಒಂದು ಸಂಖ್ಯೆಯನ್ನು ಮುಂದಿಡುತ್ತೇವೆ. ಆ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವವರು ಮಾತ್ರ ಕಡಿಮೆ.

ಮೊದಲು ಕಾಲದ ಬಗ್ಗೆ ನಾವು ಕೇಳಬಹುದಾದ ಮೂರು ಪ್ರಶ್ನೆಗಳನ್ನು ಬೇರೆಬೇರೆ ಮಾಡಿಕೊಳ್ಳಬೇಕು. ಈಗ ಎಷ್ಟು ಗಂಟೆ? ಇದು ಒಂದು. ಆಗಿನಿಂದ ಈಗಿನವರೆಗೆ ಎಷ್ಟು ಹೊತ್ತು ಕಳೆಯಿತು? ಇದು ಎರಡನೆಯದು. ಕಳೆದ ಹೊತ್ತಿನಲ್ಲಿ ಈ ಪ್ರೋಗ್ರಾಮು ನಿಜವಾಗಿ ದುಡಿದದ್ದೆಷ್ಟು? ಇದು ಮೂರನೆಯದು. ಕೇಳಿದೊಡನೆ ಮೂರೂ ಒಂದೇ ಎನ್ನಿಸುತ್ತದೆ. ಆದರೆ ಮದುವೆಯ ಮನೆಯ ಹಳೆಯ ಪದ್ಧತಿಯನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಗಳಿಗೆ ಬಟ್ಟಲು ಎಂಬುದನ್ನು ನಮ್ಮ ಹಿರಿಯರು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಅಂದರೆ 24 ನಿಮಿಷ. ಆ ಬಟ್ಟಲಿಗೆ ಈಗ ಎಷ್ಟು ಗಂಟೆಯೆಂಬುದು ಗೊತ್ತೇ ಇಲ್ಲ. ಬಿಟ್ಟಾಗಿನಿಂದ ಎಷ್ಟು ಕಳೆಯಿತೆಂಬುದಷ್ಟೇ ಅದಕ್ಕೆ ಗೊತ್ತು. ಗೋಡೆ ಗಡಿಯಾರದ ಮುಳ್ಳನ್ನು ಯಾರಾದರೂ ಹಿಂದಕ್ಕೆ ತಿರುಗಿಸಿದರೆ ಬಟ್ಟಲು ಕಕ್ಕಾಬಿಕ್ಕಿಯಾಗುವುದಿಲ್ಲ. ಇನ್ನು ಮೂರನೆಯ ಪ್ರಶ್ನೆ ಕೂಲಿಯ ಹಾಜರಿ ಪುಸ್ತಕದಂಥದು. ಬೆಳಗಿನಿಂದ ಸಂಜೆಯವರೆಗೆ ಎಂಟು ಗಂಟೆ ಕಳೆದಿರಬಹುದು, ಆದರೆ ನಡುವೆ ಊಟಕ್ಕೂ ಎಲೆಯಡಿಕೆಗೂ ಹೋದ ಹೊತ್ತನ್ನು ಕಳೆದು ಉಳಿದದ್ದು ದುಡಿಮೆ. ಕಂಪ್ಯೂಟರಿನಲ್ಲಿ ಈ ಮೂರಕ್ಕೂ ಬೇರೆಬೇರೆ ಫಂಕ್ಷನ್ನುಗಳಿವೆ. ಹೆಚ್ಚಿನ ಗೊಂದಲವೆಲ್ಲ ಎರಡನೆಯ ಪ್ರಶ್ನೆಯನ್ನು ಮೊದಲನೆಯ ಗಡಿಯಾರಕ್ಕೆ ಕೇಳುವುದರಿಂದ ಹುಟ್ಟುತ್ತದೆ.

ಗೋಡೆ ಗಡಿಯಾರವನ್ನು ಏಕೆ ನಂಬಬಾರದು? ಅದು ಸರಿಯಾಗಿರಬೇಕೆಂದು ಎಲ್ಲರೂ ಶ್ರಮಪಡುವುದರಿಂದಲೇ! ನಮ್ಮ ದೇಶದ ಕಾಲಮಾನವನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಕಾಪಾಡುತ್ತದೆ. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಗಡಿಯಾರವೋ ಅಗ್ಗದ ಸ್ಫಟಿಕದ ಮಿಡಿತದಿಂದ ನಡೆಯುವಂಥದು. ದಿನಕ್ಕೆ ಒಂದೆರಡು ಸೆಕೆಂಡು ಹೆಚ್ಚುಕಡಿಮೆಯಾಗುವುದು ಸಹಜ. ಆದ್ದರಿಂದ ಅದು ಆಗಾಗ ಅಂತರ್ಜಾಲದ ಮೂಲಕ ಹೊರಗಿನ ಉತ್ತಮ ಗಡಿಯಾರವನ್ನು ಕೇಳಿ ತನ್ನನ್ನು ತಿದ್ದಿಕೊಳ್ಳುತ್ತದೆ. ತಪ್ಪು ಸ್ವಲ್ಪವಾಗಿದ್ದರೆ ನಿಧಾನವಾಗಿ ಎಳೆದುಕೊಳ್ಳುತ್ತದೆ, ಹೆಚ್ಚಾಗಿದ್ದರೆ ಒಮ್ಮೆಲೇ ಹಾರುತ್ತದೆ. ಮುಂದಕ್ಕೂ ಹಾರಬಹುದು, ಹಿಂದಕ್ಕೂ ಹಾರಬಹುದು. ನಮ್ಮ ಪ್ರೋಗ್ರಾಮು ಓಡುತ್ತಿರುವಾಗಲೇ ಅದು ಹಿಂದಕ್ಕೆ ಹಾರಿದರೆ, ಕೊನೆಯ ಕಾಲದಿಂದ ಮೊದಲಿನ ಕಾಲವನ್ನು ಕಳೆದಾಗ ಋಣಸಂಖ್ಯೆ ಬರುತ್ತದೆ. ಕೆಲಸವು ಆರಂಭವಾಗುವುದಕ್ಕೆ ಮುಂಚೆಯೇ ಮುಗಿದಂತಾಯಿತು.

ಇದು ಪುಸ್ತಕದ ಮಾತಲ್ಲ, ನಡೆದದ್ದು. ಭೂಮಿಯ ತಿರುಗುವಿಕೆಗೂ ಪರಮಾಣು ಗಡಿಯಾರಕ್ಕೂ ಹೊಂದಿಕೆ ತರಲು ಕೆಲವು ವರ್ಷಗಳಿಗೊಮ್ಮೆ ಒಂದು ಅಧಿಕ ಸೆಕೆಂಡನ್ನು ಸೇರಿಸುವ ಪದ್ಧತಿ 1972ರಲ್ಲಿ ಆರಂಭವಾಯಿತು. ನಮ್ಮ ಪಂಚಾಂಗದ ಅಧಿಕಮಾಸವಿದ್ದಂತೆ ಇದು ಅಧಿಕ ಸೆಕೆಂಡು. 2016ರ ಡಿಸೆಂಬರ್ 31ರ ಕೊನೆಯಲ್ಲಿ ಸೇರಿಸಿದ್ದು ಇಪ್ಪತ್ತೇಳನೆಯದು. ನಮ್ಮ ದೇಶದಲ್ಲಿ ಆಗ 2017ರ ಜನವರಿ 1ರ ಬೆಳಗಿನ ಐದೂವರೆ ಗಂಟೆ. ಕಂಪ್ಯೂಟರುಗಳ ಸಾಮಾನ್ಯ ಕಾಲಗಣನೆಯಲ್ಲಿ 61ನೆಯ ಸೆಕೆಂಡಿಗೆ ಸ್ಥಾನವಿಲ್ಲದ್ದರಿಂದ ಒಂದು ಸೆಕೆಂಡು ಎರಡು ಸಲ ಬಂದಂತಾಯಿತು. ಜಾಲತಾಣಗಳಿಗೆ ಸೇವೆ ಒದಗಿಸುವ ಕ್ಲೌಡ್‌ಫ್ಲೇರ್ ಎಂಬ ಅಮೆರಿಕದ ಸಂಸ್ಥೆಯ ಒಂದು ಪ್ರೋಗ್ರಾಮು, ಬೇರೆ ಯಂತ್ರಗಳಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಗೋಡೆ ಗಡಿಯಾರದ ಎರಡು ಓದುಗಳನ್ನು ಕಳೆದು ನೋಡುತ್ತಿತ್ತು. ಆ ಕ್ಷಣ ವ್ಯತ್ಯಾಸ ಸೊನ್ನೆಗಿಂತ ಕೆಳಗಿಳಿಯಿತು. ಋಣಸಂಖ್ಯೆಯನ್ನು ಒಪ್ಪದ ಇನ್ನೊಂದು ಫಂಕ್ಷನ್ನಿಗೆ ಅದು ಹೋಗಿ, ಪ್ರೋಗ್ರಾಮು ಅಲ್ಲಿಯೇ ಕುಸಿಯಿತು, ಕೆಲವು ಜಾಲತಾಣಗಳ ವಿಳಾಸಗಳು ಸಿಗದೆ ಹೋದುವು. ಆ ಪ್ರೋಗ್ರಾಮು ಗೋ ಎಂಬ ಭಾಷೆಯಲ್ಲಿತ್ತು. ಆಗ ಆ ಭಾಷೆಯಲ್ಲಿ ಕಾಲ ಕೇಳುವವರಿಗೆ ಸುಲಭವಾಗಿ ಸಿಗುತ್ತಿದ್ದುದು ಗೋಡೆ ಗಡಿಯಾರವೊಂದೇ. 2017ರ ಆಗಸ್ಟಿನಲ್ಲಿ ಬಂದ 1.9ನೆಯ ಆವೃತ್ತಿಯಲ್ಲಿ, ಪ್ರತಿಯೊಂದು ಓದಿನ ಜೊತೆಗೂ ಹಿಂದಕ್ಕೆ ಹೋಗದ ಗಡಿಯಾರದ ಓದನ್ನೂ ಗುಟ್ಟಾಗಿ ಕಟ್ಟಿಕೊಡುವ ಏರ್ಪಾಡು ಮಾಡಿದರು. ಈ ಅಧಿಕ ಸೆಕೆಂಡಿನ ಪದ್ಧತಿಯನ್ನೇ 2035ರೊಳಗೆ ಕೈಬಿಡಬೇಕೆಂದು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ 2022ರಲ್ಲಿ ಗೊತ್ತುಮಾಡಿದೆ. ಅಧಿಕ ಸೆಕೆಂಡು ಹೋದರೂ ಗಡಿಯಾರ ತಿದ್ದುವುದು ಹೋಗುವುದಿಲ್ಲವಾದ್ದರಿಂದ ನಮ್ಮ ವಿಷಯ ಹಾಗೆಯೇ ನಿಲ್ಲುತ್ತದೆ.

ಇಷ್ಟು ಹಾರಾಟದ ಮಾತಾಯಿತು. ಇದಕ್ಕಿಂತ ನಿತ್ಯದ ತೊಂದರೆ ಸೂಕ್ಷ್ಮತೆಯದು. ಗಡಿಯಾರದ ಮುಳ್ಳು ಹರಿಯುವ ನೀರಿನಂತೆ ಸರಿಯುವುದಿಲ್ಲ, ಟಿಕ್ಕು ಟಿಕ್ಕೆಂದು ಹೆಜ್ಜೆಯಿಡುತ್ತದೆ. ಎರಡು ಹೆಜ್ಜೆಗಳ ನಡುವೆ ಏನು ನಡೆದರೂ ಅದರ ಲೆಕ್ಕಕ್ಕೆ ಬರುವುದಿಲ್ಲ. ವಿಂಡೋಸ್ ಕಂಪ್ಯೂಟರುಗಳಲ್ಲಿ ವ್ಯವಸ್ಥೆಯ ಸಾಮಾನ್ಯ ಗಡಿಯಾರವು ಸೆಕೆಂಡಿಗೆ 64 ಹೆಜ್ಜೆಯಿಡುತ್ತದೆ. ಒಂದು ಹೆಜ್ಜೆಗೆ 15.625 ಮಿಲಿಸೆಕೆಂಡು. ಮನುಷ್ಯನಿಗೆ ಇದು ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ ಹೊತ್ತು. ಆದರೆ ಸೆಕೆಂಡಿಗೆ ಮುನ್ನೂರು ಕೋಟಿ ಮಿಡಿತದ ಸಂಸ್ಕಾರಕಕ್ಕೆ ಅಷ್ಟರಲ್ಲಿ ಸುಮಾರು ನಾಲ್ಕು ಕೋಟಿ ಎಪ್ಪತ್ತು ಲಕ್ಷ ಮಿಡಿತಗಳಾಗಿರುತ್ತವೆ. ಪೈಥಾನ್ ಭಾಷೆಯ 'ಟೈಮ್' ಎಂಬ ಪ್ರಸಿದ್ಧ ಫಂಕ್ಷನ್ನು ವಿಂಡೋಸಿನಲ್ಲಿ 2024ರ 3.13ನೆಯ ಆವೃತ್ತಿಯವರೆಗೂ ಈ ಗಡಿಯಾರವನ್ನೇ ಓದುತ್ತಿತ್ತು. ಹಳೆಯ ಆವೃತ್ತಿಗಳಿರುವ ಪ್ರಯೋಗಾಲಯಗಳಲ್ಲಿ ಇಂದಿಗೂ ಅದನ್ನೇ ಓದುತ್ತಿದೆ.

ಕಳೆದ ವರ್ಷ ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕೊಟ್ಟ ಕನ್ನಡ ಪದವು ಪಟ್ಟಿಯಲ್ಲಿ ಇದೆಯೇ, ಇಲ್ಲವಾದರೆ ಅದಕ್ಕೆ ಹತ್ತಿರದ ಕಾಗುಣಿತ ಯಾವುದು, ಎಂದು ಹೇಳುವ ಪ್ರೋಗ್ರಾಮನ್ನು ಬರೆಯಬೇಕಾಗಿತ್ತು. ನಮ್ಮ ತರಗತಿಯ ಗೆಳೆಯನೊಬ್ಬ ಒಂದು ತಿಂಗಳು ರಾತ್ರಿ ಕೂತು, ಪದಗಳನ್ನು ಅಕ್ಷರದಿಂದ ಅಕ್ಷರಕ್ಕೆ ಕವಲೊಡೆಯುವ ಮರದಂತೆ ಜೋಡಿಸಿ ಬರೆದಿದ್ದ. ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದರು. ಎರಡು ಪ್ರೋಗ್ರಾಮುಗಳನ್ನೂ ಒಂದೊಂದು ಸಲ ಓಡಿಸಿ, ಮೇಲೆ ಹೇಳಿದ ಫಂಕ್ಷನ್ನಿನಿಂದ ಕಾಲ ತೆಗೆದರು. ಎದುರಾಳಿಯದು 0.0 ಎಂದು ಬಂತು, ನಮ್ಮವನದು 0.0156 ಎಂದು ಬಂತು. "ಒಂದು ಸೊನ್ನೆ, ಒಂದು ಹದಿನಾರು. ಇನ್ನು ಹೋಲಿಸುವುದೇನಿದೆ?" ಎಂದರು ತೀರ್ಪುಗಾರರು. ಬಹುಮಾನ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು, ಅವನು ಊರಿಗೆ ಬಂದ ಮೇಲೆ ಆಡಿದ ಮಾತು: "ಮರದ ವಿಧಾನವೇ ಸರಿಯಿಲ್ಲ ಕಣೋ, ಸುಮ್ಮನೆ ತಿಂಗಳು ಹಾಳುಮಾಡಿದೆ."

ಆ ಎರಡು ಸಂಖ್ಯೆಗಳಿಂದ ಏನು ತಿಳಿಯಿತು ಎಂಬುದನ್ನು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಲಿತಂತೆ ಲೆಕ್ಕ ಹಾಕೋಣ. ಒಂದು ಪ್ರೋಗ್ರಾಮಿಗೆ ನಿಜವಾಗಿ 3 ಮಿಲಿಸೆಕೆಂಡು, ಇನ್ನೊಂದಕ್ಕೆ 12 ಮಿಲಿಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಎರಡೂ ಗಡಿಯಾರದ ಒಂದು ಹೆಜ್ಜೆಗಿಂತ ಚಿಕ್ಕವು. ಪ್ರೋಗ್ರಾಮು ಓಡುತ್ತಿರುವಾಗ ಹೆಜ್ಜೆ ಬಿದ್ದರೆ 15.6 ಎಂದು ಬರುತ್ತದೆ, ಬೀಳದಿದ್ದರೆ ಸೊನ್ನೆ. ಇವೆರಡರ ಹೊರತು ಮೂರನೆಯ ಉತ್ತರವೇ ಇಲ್ಲ. ಮೂರು ಮಿಲಿಸೆಕೆಂಡಿನದು ಓಡುವಾಗ ಹೆಜ್ಜೆ ಬೀಳುವ ಸಂಭವ 3ನ್ನು 15.625ರಿಂದ ಭಾಗಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 19. ಹನ್ನೆರಡರದಕ್ಕೆ ನೂರಕ್ಕೆ ಸುಮಾರು 77. ಈಗ ಎರಡನ್ನೂ ಒಂದೊಂದು ಸಲ ಓಡಿಸಿ ಹೋಲಿಸಿದರೆ, ನೂರರಲ್ಲಿ ಸುಮಾರು 62 ಸಲ ಸರಿಯಾದ ತೀರ್ಪು ಬರುತ್ತದೆ. ಸುಮಾರು 33 ಸಲ ಎರಡೂ ಸಮವೆಂದು ಬರುತ್ತದೆ. ನಾಲ್ಕೈದು ಸಲ ಮಾತ್ರ, ನಾಲ್ಕು ಪಟ್ಟು ನಿಧಾನವಾದದ್ದೇ ಸೊನ್ನೆ ಕಾಲದಲ್ಲಿ ಮುಗಿಯಿತೆಂದು ಬರುತ್ತದೆ! ನಿಜವಾದ ಕಾಲಗಳು ಇನ್ನೂ ಹತ್ತಿರವಿದ್ದರೆ ತೀರ್ಪು ತಲೆಕೆಳಗಾಗುವ ಸಂಭವ ಇನ್ನೂ ಹೆಚ್ಚು. ನಾಣ್ಯ ಚಿಮ್ಮಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಇದರಲ್ಲಿ ಒಂದು ಸ್ವಾರಸ್ಯವೂ ಇದೆ. ಒಂದೊಂದು ಓದೂ ಸುಳ್ಳಾದರೂ ಬಹಳ ಓದುಗಳ ಸರಾಸರಿ ಸುಳ್ಳಲ್ಲ. ಮೂರು ಮಿಲಿಸೆಕೆಂಡಿನ ಪ್ರೋಗ್ರಾಮನ್ನು, ಹೆಜ್ಜೆಗೆ ಸಂಬಂಧವಿಲ್ಲದ ಕ್ಷಣಗಳಲ್ಲಿ, ಸಾವಿರಾರು ಸಲ ಓಡಿಸಿದರೆ ನೂರಕ್ಕೆ 19 ಸಲ 15.6 ಬಂದು ಉಳಿದವೆಲ್ಲ ಸೊನ್ನೆಯಾಗಿ, ಸರಾಸರಿ ಮೂರಕ್ಕೇ ಬಂದು ನಿಲ್ಲುತ್ತದೆ. ಇದಕ್ಕಿಂತ ಸುಲಭವಾದ ದಾರಿ, ಪ್ರತಿ ಸಲವೂ ಗಡಿಯಾರ ನೋಡದೆ ಸಾವಿರ ಸಲ ಎಡೆಬಿಡದೆ ಓಡಿಸಿ ಒಟ್ಟು ಕಾಲವನ್ನು ಸಾವಿರದಿಂದ ಭಾಗಿಸುವುದು. ಆಗ ತಪ್ಪು ಒಟ್ಟಿನಲ್ಲಿ ಒಂದು ಹೆಜ್ಜೆಯಷ್ಟನ್ನು ಮೀರುವುದಿಲ್ಲ. ನೂರಕ್ಕೆ ಒಂದರೊಳಗೆ ತಪ್ಪಿರಬೇಕೆಂದರೆ ಒಟ್ಟು ಕಾಲ ನೂರು ಹೆಜ್ಜೆಗಳಷ್ಟಾದರೂ ಇರಬೇಕು. ಸೌದೆಯ ತಕ್ಕಡಿಯಲ್ಲಿ ಇದು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು. ಒಳ್ಳೆಯ ಗಡಿಯಾರವಿಲ್ಲದ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದು ಇದನ್ನೇ.

ಈಗ ಒಳ್ಳೆಯ ಗಡಿಯಾರಗಳಿವೆ. ಪೈಥಾನಿನಲ್ಲಿ 2012ರ 3.3ನೆಯ ಆವೃತ್ತಿಯಿಂದ 'ಪರ್ಫ್ ಕೌಂಟರ್' ಎಂಬುದಿದೆ. ಹೆಸರೇ ಹೇಳುವಂತೆ ಇದು ಇದೇ ಕೆಲಸಕ್ಕೆಂದು ಮಾಡಿದ್ದು. ಯಂತ್ರದಲ್ಲಿ ಸಿಗುವ ಅತ್ಯಂತ ಸೂಕ್ಷ್ಮವಾದ, ಹಿಂದಕ್ಕೆ ಹೋಗದ ಗಡಿಯಾರವನ್ನು ಅದು ಓದುತ್ತದೆ. ಅದು ಕೊಡುವ ಸಂಖ್ಯೆಗೆ ತಾನಾಗಿ ಅರ್ಥವಿಲ್ಲ. ಗಳಿಗೆ ಬಟ್ಟಲಿನಂತೆ, ಎರಡು ಓದುಗಳ ವ್ಯತ್ಯಾಸಕ್ಕೆ ಮಾತ್ರ ಅರ್ಥ. ವಿಂಡೋಸಿನಲ್ಲಿ ಅದರ ಹಿಂದಿರುವುದು 'ಕ್ವೆರಿ ಪರ್ಫಾರ್ಮೆನ್ಸ್ ಕೌಂಟರ್'. ಈಚಿನ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಕೋಟಿ ಹೆಜ್ಜೆಯಿಡುತ್ತದೆ, ಅಂದರೆ ಹೆಜ್ಜೆಗೆ 100 ನ್ಯಾನೋಸೆಕೆಂಡು. ಲಿನಕ್ಸಿನಲ್ಲಿ ಅದರ ಹಿಂದಿರುವುದು 'ಕ್ಲಾಕ್ ಮಾನೊಟಾನಿಕ್'. ಜಾವಾ ಭಾಷೆಯವರಿಗೆ 2004ರ ಐದನೆಯ ಆವೃತ್ತಿಯಿಂದ 'ನ್ಯಾನೋಟೈಮ್' ಇದೆ. ಅದಕ್ಕೆ ಮುಂಚಿನ 'ಕರೆಂಟ್ ಟೈಮ್ ಮಿಲಿಸ್' ಗೋಡೆ ಗಡಿಯಾರ. ನ್ಯಾನೋಟೈಮ್ ಎಂದರೆ ನ್ಯಾನೋಸೆಕೆಂಡಿನಲ್ಲಿ ಉತ್ತರ ಹೇಳುತ್ತದೆಯೇ ಹೊರತು ಪ್ರತಿ ನ್ಯಾನೋಸೆಕೆಂಡಿಗೂ ಹೆಜ್ಜೆಯಿಡುತ್ತದೆಂದು ಭರವಸೆಯಿಲ್ಲ. ರೂಪಾಯಿಯ ಲೆಕ್ಕವನ್ನು ಪೈಸೆಯಲ್ಲಿ ಬರೆದ ಮಾತ್ರಕ್ಕೆ ಪೈಸೆ ಪೈಸೆ ಎಣಿಸಿದಂತಾಗುವುದಿಲ್ಲವಷ್ಟೆ.

ಹೆಸರುಗಳಿಗೆ ಮರುಳಾಗಬಾರದೆಂಬುದಕ್ಕೆ ಇನ್ನೂ ಒಳ್ಳೆಯ ನಿದರ್ಶನಗಳಿವೆ. ಸಿ ಭಾಷೆಯಲ್ಲಿ 'ಕ್ಲಾಕ್' ಎಂಬ ಹಳೆಯ ಫಂಕ್ಷನ್ನು ಇದೆ. ಲಿನಕ್ಸಿನಲ್ಲಿ ಅದು ಹಾಜರಿ ಪುಸ್ತಕ: ಪ್ರೋಗ್ರಾಮು ಸಂಸ್ಕಾರಕದಲ್ಲಿ ದುಡಿದ ಹೊತ್ತನ್ನು ಮಾತ್ರ ಹೇಳುತ್ತದೆ. ಮೈಕ್ರೋಸಾಫ್ಟಿನ ಸಿ ಗ್ರಂಥಾಲಯದಲ್ಲಿ ಅದೇ ಹೆಸರಿನ ಫಂಕ್ಷನ್ನು ಒಟ್ಟು ಕಳೆದ ಹೊತ್ತನ್ನು ಹೇಳುತ್ತದೆ. ಪೈಥಾನಿನ 'ಕ್ಲಾಕ್' ಕೂಡ ಹೀಗೆಯೇ ಒಂದೊಂದು ಊರಿನಲ್ಲಿ ಒಂದೊಂದು ಅರ್ಥ ಹೇಳುತ್ತಿತ್ತು. ಗೊಂದಲ ಸಾಕೆಂದು ಅದನ್ನು 2019ರ 3.8ನೆಯ ಆವೃತ್ತಿಯಲ್ಲಿ ತೆಗೆದೇಹಾಕಿದರು. ಒಳ್ಳೆಯದೇ ಆಯಿತು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ 2011ರಿಂದ ಮೂರು ಗಡಿಯಾರಗಳಿವೆ. ಅವುಗಳಲ್ಲಿ 'ಹೈ ರೆಸಲ್ಯೂಶನ್ ಕ್ಲಾಕ್' ಎಂಬುದರ ಹೆಸರು ಎಷ್ಟು ಆಕರ್ಷಕವೆಂದರೆ ಹೊಸಬರೆಲ್ಲ ಅದಕ್ಕೇ ಕೈಹಾಕುತ್ತಾರೆ. ಗ್ನು ಗ್ರಂಥಾಲಯದಲ್ಲಿ ಅದು ಗೋಡೆ ಗಡಿಯಾರದ ಇನ್ನೊಂದು ಹೆಸರಷ್ಟೆ! 'ಸ್ಟೆಡಿ ಕ್ಲಾಕ್' ಎಂಬ ಸಾಧು ಹೆಸರಿನದೇ ನಮಗೆ ಬೇಕಾದದ್ದು.

ಇಲ್ಲಿ ಸ್ವಲ್ಪ ಚರಿತ್ರೆಯ ಕಡೆ ತಿರುಗಬೇಕೆನ್ನಿಸುತ್ತದೆ. 1981ರಲ್ಲಿ ಐಬಿಎಂ ಸಂಸ್ಥೆ ತನ್ನ ವೈಯಕ್ತಿಕ ಕಂಪ್ಯೂಟರನ್ನು ಹೊರತಂದಾಗ ಅದರಲ್ಲಿ 14.31818 ಮೆಗಾಹರ್ಟ್ಸಿನ ಒಂದು ಸ್ಫಟಿಕವನ್ನಿಟ್ಟರು. ಅಮೆರಿಕದ ಬಣ್ಣದ ಟೆಲಿವಿಷನ್ನಿನ ಸಂಕೇತಕ್ಕೆ ಅದರ ನಾಲ್ಕನೆಯ ಒಂದು ಭಾಗ ಬೇಕಾಗಿತ್ತು. ಅದನ್ನೇ ಹನ್ನೆರಡರಿಂದ ಭಾಗಿಸಿ ಕಾಲಗಣಕಕ್ಕೆ ಕೊಟ್ಟರು, ಅದು ಸೆಕೆಂಡಿಗೆ ಸುಮಾರು ಹನ್ನೊಂದು ಲಕ್ಷ ತೊಂಬತ್ಮೂರು ಸಾವಿರ ಮಿಡಿತ. ಅಂಥ 65,536 ಮಿಡಿತಗಳಿಗೊಮ್ಮೆ ವ್ಯವಸ್ಥೆಯ ಗಡಿಯಾರ ಒಂದು ಹೆಜ್ಜೆಯಿಡುತ್ತಿತ್ತು. ಸೆಕೆಂಡಿಗೆ 18.2 ಹೆಜ್ಜೆ ಎಂಬ ವಿಚಿತ್ರ ಸಂಖ್ಯೆ ಬಂದದ್ದು ಹೀಗೆ, ಹೆಜ್ಜೆಗೆ 55 ಮಿಲಿಸೆಕೆಂಡು. ನಂತರದ ಯಂತ್ರಗಳಲ್ಲಿ ಬಂದ ಇನ್ನೊಂದು ಗಣಕ 3.579545 ಮೆಗಾಹರ್ಟ್ಸಿನದು. ಅದು ಆ ಟೆಲಿವಿಷನ್ ಸಂಖ್ಯೆಯೇ. ಯಾರೋ ದೂರದ ದೇಶದವರು ಬಣ್ಣದ ಚಿತ್ರ ನೋಡಲೆಂದು ಗೊತ್ತುಮಾಡಿಕೊಂಡ ಸಂಖ್ಯೆ, ನಮ್ಮ ಪ್ರಯೋಗಾಲಯದ ಗಡಿಯಾರದ ಹೊಟ್ಟೆಯೊಳಗೆ ಕುಳಿತಿರುವುದನ್ನು ನೆನೆದರೆ ನಗು ಬರುತ್ತದೆ.

1993ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಸಂಸ್ಕಾರಕದಲ್ಲಿ ಇನ್ನೂ ಸೂಕ್ಷ್ಮವಾದ ಎಣಿಕೆ ಬಂತು. ಸಂಸ್ಕಾರಕದ ಒಂದೊಂದು ಮಿಡಿತವನ್ನೂ ಎಣಿಸುವ ಒಂದು ಅಂಕಣಿ ಅದರೊಳಗೇ ಇರುತ್ತದೆ, ಒಂದೇ ಆದೇಶದಿಂದ ಅದನ್ನು ಓದಬಹುದು. ಇದಕ್ಕಿಂತ ಒಳ್ಳೆಯದೇನು ಬೇಕು ಎನ್ನಿಸಿದ್ದು ಸಹಜ. ಆದರೆ ಮುಂದೆ ವಿದ್ಯುತ್ತನ್ನು ಉಳಿಸಲು ಸಂಸ್ಕಾರಕಗಳು ತಮ್ಮ ಮಿಡಿತವನ್ನೇ ಏರಿಳಿಸತೊಡಗಿದುವು. ಆಗ ಮಿಡಿತದ ಎಣಿಕೆ ಕಾಲದ ಎಣಿಕೆಯಾಗಿ ಉಳಿಯಲಿಲ್ಲ. ಒಂದೇ ಯಂತ್ರದಲ್ಲಿ ಎರಡು, ನಾಲ್ಕು ಸಂಸ್ಕಾರಕಗಳು ಬಂದಾಗ ಒಂದರ ಎಣಿಕೆಗೂ ಇನ್ನೊಂದರ ಎಣಿಕೆಗೂ ತಾಳೆಯಾಗದೆ, ಪ್ರೋಗ್ರಾಮು ಇಲ್ಲಿ ಆರಂಭಿಸಿ ಅಲ್ಲಿ ಮುಗಿಸಿದರೆ ಲೆಕ್ಕ ಕೆಡುತ್ತಿತ್ತು. ಈಚಿನ ಸಂಸ್ಕಾರಕಗಳಲ್ಲಿ ಈ ಅಂಕಣಿಯನ್ನು ಒಂದೇ ಸಮನಾದ ವೇಗದಲ್ಲಿ ನಡೆಯುವಂತೆ ಮಾಡಿದ್ದಾರೆ. ಲಿನಕ್ಸ್ ಮತ್ತು ವಿಂಡೋಸಿನ ಒಳ್ಳೆಯ ಗಡಿಯಾರಗಳು ಸಾಧ್ಯವಾದಲ್ಲೆಲ್ಲ ಅದನ್ನೇ ಆಧರಿಸಿವೆ. ಆದರೂ ಅದನ್ನು ನೇರವಾಗಿ ಓದುವ ಸಾಹಸ ನಮ್ಮಂಥವರಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಆದೇಶಗಳನ್ನು ಬರೆದ ಕ್ರಮದಲ್ಲಿಯೇ ನಡೆಸಬೇಕೆಂಬ ನಿಯಮ ಈಗಿನ ಸಂಸ್ಕಾರಕಗಳಿಗಿಲ್ಲ. ಕಾಲ ಓದುವ ಆದೇಶವು ಅಳೆಯಬೇಕಾದ ಕೆಲಸಕ್ಕಿಂತ ಮುಂಚೆಯೇ ನುಸುಳಿಬಿಡಬಹುದು.

ಹಾಜರಿ ಪುಸ್ತಕವನ್ನು ಯಾವಾಗ ತೆರೆಯಬೇಕು? ಪೈಥಾನಿನಲ್ಲಿ ಅದಕ್ಕೆ 'ಪ್ರೊಸೆಸ್ ಟೈಮ್' ಎಂದು ಹೆಸರು. ಪ್ರಯೋಗಾಲಯದ ಯಂತ್ರದಲ್ಲಿ ಬೇರೆ ಕೆಲಸಗಳೂ ನಡೆಯುತ್ತಿದ್ದು, ನಮ್ಮ ಲೆಕ್ಕಾಚಾರದ ದುಡಿಮೆಯಷ್ಟೇ ಬೇಕೆಂದಿದ್ದರೆ ಇದು ಉಪಯುಕ್ತ. ಆದರೆ ಪ್ರೋಗ್ರಾಮು ಡಿಸ್ಕಿಗಾಗಿಯೋ ಅಂತರ್ಜಾಲಕ್ಕಾಗಿಯೋ ಕಾದು ಕುಳಿತ ಹೊತ್ತು ಇದರಲ್ಲಿ ಸೇರುವುದಿಲ್ಲ. ಕಡತ ಓದುವುದರಲ್ಲಿಯೇ ಒಂಬತ್ತು ಪಾಲು ಹೊತ್ತು ಕಳೆಯುವ ಪ್ರೋಗ್ರಾಮನ್ನು ಈ ಪುಸ್ತಕದಿಂದ ಅಳೆದು 'ಬಹಳ ಚುರುಕು' ಎಂದರೆ, ಎದುರಿಗೆ ಕೂತು ಕಾಯುವವನು ಒಪ್ಪಿಯಾನೆ? ಇನ್ನೊಂದು ವಿಚಿತ್ರ: ನಾಲ್ಕು ಆಳುಗಳು ಒಂದು ಗಂಟೆ ದುಡಿದರೆ ಹಾಜರಿಯಲ್ಲಿ ನಾಲ್ಕು ಗಂಟೆ ಕೂಲಿ. ಹಾಗೆಯೇ ನಾಲ್ಕು ಸಂಸ್ಕಾರಕಗಳಲ್ಲಿ ಹಂಚಿಕೊಂಡು ಓಡುವ ಪ್ರೋಗ್ರಾಮಿನ ದುಡಿಮೆಯ ಕಾಲ ಕಳೆದ ಕಾಲಕ್ಕಿಂತ ಹೆಚ್ಚಾಗಿ ಬರುತ್ತದೆ. ವಿಂಡೋಸಿನಲ್ಲಿ ಈ ಪುಸ್ತಕದ ಬರಹವೂ ಸೌದೆಯ ತಕ್ಕಡಿಯಷ್ಟೇ ದಪ್ಪ ಎಂಬುದನ್ನು ಮರೆಯಬಾರದು.

ಗಡಿಯಾರವನ್ನು ಆರಿಸಿದ ಮೇಲೂ ಅಳೆಯುವ ಕ್ರಮವೊಂದಿದೆ. ಗಡಿಯಾರ ನೋಡುವುದಕ್ಕೇ ಸ್ವಲ್ಪ ಹೊತ್ತು ಹಿಡಿಯುತ್ತದೆ, ಒಳ್ಳೆಯ ಯಂತ್ರದಲ್ಲಿ ಕೆಲವು ಹತ್ತು ನ್ಯಾನೋಸೆಕೆಂಡು. ಎರಡು ಸಂಖ್ಯೆಗಳನ್ನು ಕೂಡಿಸುವಂಥ ಚಿಕ್ಕ ಕೆಲಸವನ್ನು ಒಂದೇ ಸಲ ಅಳೆದರೆ ಅಳತೆಗೋಲಿನ ಭಾರವನ್ನೇ ತೂಗಿದಂತಾಗುತ್ತದೆ. ಆದ್ದರಿಂದ ಚಿಕ್ಕ ಕೆಲಸಕ್ಕೆ ಪುನರಾವರ್ತನೆ ಇದ್ದೇ ಇರಬೇಕು. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬಾರದು. ಆಗ ದತ್ತಾಂಶ ಇನ್ನೂ ದೂರದ ಸ್ಮೃತಿಯಿಂದ ಬರುತ್ತಿರುತ್ತದೆ. ಜಾವಾದಂಥ ಭಾಷೆಗಳಲ್ಲಿ ಪ್ರೋಗ್ರಾಮು ಓಡುತ್ತ ಓಡುತ್ತ ಯಂತ್ರಭಾಷೆಗೆ ತಿರುಗಿ ಚುರುಕಾಗುತ್ತದೆ. ಸಿ ಭಾಷೆಯಲ್ಲಂತೂ, ಲೆಕ್ಕದ ಫಲವನ್ನು ಎಲ್ಲಿಯೂ ಬಳಸದಿದ್ದರೆ ಜಾಣ ಕಂಪೈಲರು ಆ ಲೆಕ್ಕವನ್ನೇ ಅಳಿಸಿಹಾಕಿ, ಕೋಟಿ ಸಲದ ಸುತ್ತು ಕ್ಷಣದಲ್ಲಿ ಮುಗಿದಂತೆ ತೋರಿಸುತ್ತದೆ.

ಹಲವು ಸಲ ಅಳೆದಾಗ ಬಂದ ಸಂಖ್ಯೆಗಳಲ್ಲಿ ಯಾವುದನ್ನು ಹೇಳಬೇಕು? ಇಲ್ಲಿ ಸಂಖ್ಯಾಶಾಸ್ತ್ರದ ನಮ್ಮ ಮೇಷ್ಟ್ರಿಗೂ ನನಗೂ ಸ್ವಲ್ಪ ವಾದವಾಯಿತು. ಸರಾಸರಿಯನ್ನು ಬಿಟ್ಟು ಕನಿಷ್ಠವನ್ನು ಹಿಡಿಯುವುದು ಅವರಿಗೆ ಸರಿಯೆನಿಸಲಿಲ್ಲ. ಆದರೆ ಇಲ್ಲಿ ತಪ್ಪುಗಳು ಎರಡೂ ಕಡೆ ಸಮವಾಗಿ ಹರಡಿರುವಂಥವಲ್ಲ. ಬೇರೆ ಪ್ರೋಗ್ರಾಮುಗಳು ಅಡ್ಡ ಬಂದರೆ ಕಾಲ ಹೆಚ್ಚುತ್ತದೆಯೇ ವಿನಾ ಯಾರ ಅಡ್ಡಿಯಿಂದಲೂ ಪ್ರೋಗ್ರಾಮು ತನ್ನ ಶಕ್ತಿ ಮೀರಿ ಓಡುವುದಿಲ್ಲ. ಆದುದರಿಂದ ಕನಿಷ್ಠವೇ ಅಡ್ಡಿಯಿಲ್ಲದ ಓಟಕ್ಕೆ ಅತ್ಯಂತ ಹತ್ತಿರ. ಪೈಥಾನಿನ 'ಟೈಮ್‌ಇಟ್' ಎಂಬ ಸಾಧನವನ್ನು ಮಾಡಿದವರೂ ಇದನ್ನೇ ಹೇಳುತ್ತಾರೆ. ಅದು ಪುನರಾವರ್ತನೆಯನ್ನೂ, ಗಡಿಯಾರದ ಆಯ್ಕೆಯನ್ನೂ ತಾನೇ ನೋಡಿಕೊಳ್ಳುತ್ತದೆ. ಮೇಷ್ಟ್ರು ಆಗ ಕೇಳಿದ ಮರುಪ್ರಶ್ನೆ ನನಗೆ ಹಿಡಿಸಿತು: "ಸೌದೆ ತಕ್ಕಡಿಯಲ್ಲಿ ಕನಿಷ್ಠ ತೆಗೆದರೆ ಏನು ಬರುತ್ತಪ್ಪ?" ಸೊನ್ನೆ ಬರುತ್ತದೆ! ಮೇಲಿನ ಲೆಕ್ಕದಲ್ಲಿ 3 ಮಿಲಿಸೆಕೆಂಡಿನದಕ್ಕೂ ಸೊನ್ನೆ, 12ರದಕ್ಕೂ ಸೊನ್ನೆ. ಕನಿಷ್ಠದ ನಿಯಮ ಸೂಕ್ಷ್ಮ ಗಡಿಯಾರಕ್ಕೆ ಮಾತ್ರ, ದಪ್ಪ ಗಡಿಯಾರಕ್ಕೆ ಸರಾಸರಿಯೇ ಗತಿ. ಇಬ್ಬರ ಮಾತೂ ನಿಂತಿತು.

ಗೆಳೆಯನ ಪ್ರೋಗ್ರಾಮಿಗೆ ನಾವು ಮಾಡಿದ್ದು ಇದನ್ನೇ. ಎದುರಾಳಿ ತನ್ನ ಪ್ರೋಗ್ರಾಮನ್ನು ಸಂತೋಷದಿಂದ ಕಳುಹಿಸಿಕೊಟ್ಟಿದ್ದರು. ನಮ್ಮ ಪ್ರಯೋಗಾಲಯದ ಒಂದೇ ಯಂತ್ರದಲ್ಲಿ, ಬೇರೆ ಕೆಲಸಗಳನ್ನೆಲ್ಲ ಮುಚ್ಚಿ, ಒಂದೇ ಪದಪಟ್ಟಿಯನ್ನು ಎರಡಕ್ಕೂ ಕೊಟ್ಟು, ಪರ್ಫ್ ಕೌಂಟರಿನಿಂದ ಅದನ್ನೊಮ್ಮೆ ಇದನ್ನೊಮ್ಮೆ ಸರದಿಯಂತೆ ಓಡಿಸಿದೆವು. ಪಟ್ಟಿಯಲ್ಲಿ ಇರುವ ಪದಗಳಿಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲ್ಲದ ಪದಗಳಿಗೆ ಹತ್ತಿರದ ಕಾಗುಣಿತ ಹುಡುಕುವಾಗ ಮರದ ವಿಧಾನವೇ ಪ್ರತಿ ಸಲವೂ ಮುಂದಿತ್ತು. ಬಹುಮಾನದ ಮಾತನ್ನು ಯಾರೂ ಎತ್ತಲಿಲ್ಲ. ಅವನು ಮಾತ್ರ ಮೂಲೆಗೆ ಹಾಕಿದ್ದ ಪ್ರೋಗ್ರಾಮನ್ನು ಮತ್ತೆ ಕೈಗೆತ್ತಿಕೊಂಡು, ಈಗ ಒತ್ತಕ್ಷರಗಳ ತೊಡಕಿನೊಡನೆ ಗುದ್ದಾಡುತ್ತಿದ್ದಾನೆ.

ನಿಮ್ಮ ಯಂತ್ರದ ಗಡಿಯಾರ ಎಷ್ಟು ಸೂಕ್ಷ್ಮವೆಂದು ತಿಳಿಯುವುದು ಕಷ್ಟವಲ್ಲ. ಅದನ್ನು ಓದುತ್ತಲೇ ಇದ್ದು, ಸಂಖ್ಯೆ ಬದಲಾದಾಗಲೆಲ್ಲ ಎಷ್ಟು ಬದಲಾಯಿತೆಂದು ಬರೆದುಕೊಳ್ಳಿ. ಅತಿ ಚಿಕ್ಕ ಬದಲಾವಣೆಯೇ ಹೆಜ್ಜೆಯ ಅಳತೆ. ಪೈಥಾನಿನವರಿಗೆ 'ಗೆಟ್ ಕ್ಲಾಕ್ ಇನ್‌ಫೋ' ಎಂಬ ಫಂಕ್ಷನ್ನು, ಆ ಗಡಿಯಾರ ಹಿಂದಕ್ಕೆ ಹೋಗಬಲ್ಲುದೇ, ಹೊರಗಿನವರು ಅದನ್ನು ತಿದ್ದಬಲ್ಲರೇ ಎಂಬುದನ್ನೂ ಹೇಳುತ್ತದೆ. ಇಡೀ ಸೆಕೆಂಡುಗಳ ದೊಡ್ಡ ಸಂಖ್ಯೆಯನ್ನು ದಶಾಂಶದಲ್ಲಿ ಇಟ್ಟುಕೊಂಡರೆ ಕೊನೆಯ ಅಂಕಿಗಳು ಉದುರುತ್ತವೆ. 1970ರಿಂದ ಕಳೆದ ಸೆಕೆಂಡುಗಳು ಈಗ ನೂರೇಳು ಕೋಟಿಯ ಗಡಿಯನ್ನು ಎಂದೋ ದಾಟಿರುವುದರಿಂದ, ಅಂಥ ಸಂಖ್ಯೆಯಲ್ಲಿ 238 ನ್ಯಾನೋಸೆಕೆಂಡಿಗಿಂತ ಚಿಕ್ಕ ವ್ಯತ್ಯಾಸಕ್ಕೆ ಸ್ಥಳವೇ ಉಳಿದಿಲ್ಲ. ಇದಕ್ಕೆಂದೇ 2018ರಿಂದ ಪೂರ್ಣಾಂಕದಲ್ಲಿ ನ್ಯಾನೋಸೆಕೆಂಡು ಕೊಡುವ ಫಂಕ್ಷನ್ನುಗಳನ್ನು ಸೇರಿಸಿದ್ದಾರೆ.

ಬ್ರೌಸರಿನೊಳಗೆ ಓಡುವ ಪ್ರೋಗ್ರಾಮುಗಳ ಕಥೆ ಮಾತ್ರ ಬೇರೆ. ಅಲ್ಲಿ 'ಪರ್ಫಾರ್ಮೆನ್ಸ್ ನೌ' ಎಂಬ ಒಳ್ಳೆಯ ಗಡಿಯಾರವಿತ್ತು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಬಯಲಾಯಿತು. ಸ್ಮೃತಿಯಿಂದ ಒಂದು ಸಂಗತಿ ಬೇಗ ಬಂತೋ ನಿಧಾನವಾಗಿ ಬಂತೋ ಎಂಬುದನ್ನು ಸೂಕ್ಷ್ಮವಾಗಿ ಅಳೆಯಬಲ್ಲವನು, ತಾನು ಓದಬಾರದ ಗುಟ್ಟನ್ನು ಊಹಿಸಬಲ್ಲನೆಂದು ಗೊತ್ತಾಯಿತು. ಬ್ರೌಸರು ಮಾಡುವವರು ಆಗ ಬೇಕೆಂದೇ ಆ ಗಡಿಯಾರವನ್ನು ದಪ್ಪಗೊಳಿಸಿದರು. ಫೈರ್‌ಫಾಕ್ಸ್ ಮೊದಲು 20 ಮೈಕ್ರೋಸೆಕೆಂಡಿಗೆ ಇಳಿಸಿತು, ಬಳಿಕ ಮಿಲಿಸೆಕೆಂಡಿನ ಮಟ್ಟಕ್ಕೇ ತಂದಿತು. ಅಲ್ಲಿ ಅಳೆಯುವವರು ಮತ್ತೆ ಹಳೆಯ ದಾರಿಯನ್ನೇ ಹಿಡಿಯಬೇಕು: ಸಾವಿರ ಸಲ ಓಡಿಸಿ, ಸಾವಿರದಿಂದ ಭಾಗಿಸುವುದು.